ಗೌರತ್ತೆ ಕೊಟ್ಟ ಹಾಲು

ಕೆಳಗಿನ ಮನೆಗೆ ಹೊಸದಾಗಿ ಬಂದವರು ಇವತ್ತು ಬೆಳಿಗ್ಗೆ ಹಾಲು ಉಕ್ಕಿಸಿದರು. ಉಕ್ಕಿದ ಹಾಲು ಒಲೆಯ ಮೇಲೆ ಚೆಲ್ಲಿ, ಸೀದು, ಆ ವಾಸನೆ ಮೆಟ್ಟಿಲು ಹತ್ತಿ ನಮ್ಮ ಮನೆಯೊಳಕ್ಕೆ ಬಂದಾಗ ನಾನು ಪೇಪರ್ ಹಿಡಿದು ಕುಳಿತಿದ್ದೆ. ಬೇರೆಯವರಿಗೆ ಅದು ಶುಭದ ವಾಸನೆ. ನನ್ನ ಹೊಟ್ಟೆ ಮಾತ್ರ, ಯಾರೋ ಹೆಸರು ಹಿಡಿದು ಕೂಗಿದ ಹಾಗೆ, ಒಳಗೇ ಒಮ್ಮೆ ಗುರ್ ಎಂದಿತು.

ಸ್ವಲ್ಪ ಹೊತ್ತಿಗೆ ಆ ಮನೆಯಾಕೆಯೇ ಬಾಗಿಲಲ್ಲಿ ನಿಂತಿದ್ದರು. ಐವತ್ತರ ಆಸುಪಾಸು, ಒಬ್ಬರೇ ಇರುವವರು, ಶಾಲೆಯೊಂದರಲ್ಲಿ ಮೇಡಂ ಎನ್ನುವುದಷ್ಟೇ ನಮಗೆ ಗೊತ್ತು. ಕೈಯಲ್ಲಿ ತಟ್ಟೆ, ತಟ್ಟೆಯ ಮೇಲೆ ಸ್ಟೀಲಿನ ಲೋಟ, ಲೋಟದ ಅಂಚಿನವರೆಗೂ ಕೆನೆ ಕಟ್ಟಿದ ಹಾಲು. "ಇವತ್ತೇ ಬಂದೀನಿ ಸರ್. ಹಾಲು ತಗಳ್ರಿ" ಎಂದರು. ನಾನು ಲೋಟ ನೋಡಿದೆ, ಅವರ ಮುಖ ನೋಡಿದೆ, ಮತ್ತೆ ಲೋಟ ನೋಡಿದೆ. ಒಳಗೆ ಅಡುಗೆಮನೆಯಲ್ಲಿ, ವಾರದ ಮಟ್ಟಿಗೆ ಊರಿಂದ ಬಂದಿರುವ ನಮ್ಮವ್ವ ಅವರೆಕಾಯಿ ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದ್ದು ನನಗೆ ಕೇಳಿಸಿತು. ಒಬ್ಬ ಹೆಂಗಸನ್ನು ಬಾಗಿಲಲ್ಲಿ ನಿಲ್ಲಿಸಿ ನಿಮಗೆ ಕಥೆ ಹೇಳಲು ಕೂರುವುದು ಮರ್ಯಾದೆಯಲ್ಲ, ಒಪ್ಪುತ್ತೇನೆ. ಆದರೆ ಆ ಲೋಟಕ್ಕೆ ಕೈ ಚಾಚುವ ಮುಂಚೆ ನಾನು ಹನ್ನೆರಡು ವರ್ಷ ಹಿಂದಕ್ಕೆ ಹೋಗಿ ಬರಬೇಕಾಯಿತು. ನೀವೂ ಬನ್ನಿ, ದೂರವೇನಿಲ್ಲ, ಇಲ್ಲೇ ಹಿರಿಯೂರಿನ ಪಕ್ಕ.

ಆಗ ನನಗೆ ಇಪ್ಪತ್ತೆರಡು. ಡಿಪ್ಲೊಮಾ ಮುಗಿಸಿ ಬಬ್ಬೂರಿನ ಕೃಷಿ ಸಂಶೋಧನಾ ಫಾರಂನಲ್ಲಿ ಹಂಗಾಮಿ ಕೆಲಸಕ್ಕೆ ಸೇರಿದ್ದೆ. ಕೆಲಸವೆಂದರೆ ಶೇಂಗಾದ ಮಡಿಗಳ ನಡುವೆ ಅಳತೆಪಟ್ಟಿ ಹಿಡಿದು ಓಡಾಡುವುದು. ಗಿಡ ಎಷ್ಟು ಎತ್ತರ ಬಂತು, ಹೂವು ಎಂದು ಬಿಟ್ಟಿತು, ಎಲೆಗೆ ಚುಕ್ಕೆ ಬಂತೇ ಎಂದು ಪುಸ್ತಕದಲ್ಲಿ ಬರೆಯುವುದು. ಅಲ್ಲಿಗೆ ಸೇರಿದ ಮೊದಲ ದಿನವೇ ನಮ್ಮ ಮೇಲಿನವರು ಒಂದು ನಿಯಮ ಹೇಳಿಕೊಟ್ಟಿದ್ದರು. ಪಕ್ಕಪಕ್ಕದ ಎರಡು ಮಡಿಗಳ ನಡುವೆ ಒಂದೇ ಒಂದು ವ್ಯತ್ಯಾಸ ಇರಬೇಕು. ಗೊಬ್ಬರ ಬದಲಿಸಿದರೆ ಬೀಜವೂ ನೀರೂ ಹಾಗೇ ಇರಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಗಿಡ ಚೆನ್ನಾಗಿ ಬಂದರೂ ಸತ್ತರೂ ಯಾವುದರಿಂದ ಎಂದು ಹೇಳಲಾಗುವುದಿಲ್ಲ. ಗಿಡಗಳ ವಿಷಯದಲ್ಲಿ ಇದನ್ನು ನಾನು ಚಾಚೂ ತಪ್ಪದೆ ಪಾಲಿಸಿದೆ. ನನ್ನ ಸ್ವಂತ ಹೊಟ್ಟೆಯೂ ಒಂದು ಮಡಿ ಎಂದು ಹೊಳೆಯಲು ಎರಡು ವರ್ಷ ಬೇಕಾಯಿತು.

ನಮ್ಮೂರು ಹೊಸದುರ್ಗ ತಾಲ್ಲೂಕಿನ ಮಾಡದಕೆರೆ. ದಿನಾ ಓಡಾಡುವುದು ಕಷ್ಟವೆಂದು ಬಬ್ಬೂರಿನಲ್ಲಿದ್ದ ಗೌರತ್ತೆಯ ಮನೆಯಲ್ಲೇ ಉಳಿದುಕೊಂಡೆ. ಗೌರತ್ತೆ ಎಂದರೆ ಅಪ್ಪನ ತಂಗಿ. ಮಾವ ತೀರಿಕೊಂಡು ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಎರಡು ಎಮ್ಮೆ ಕಟ್ಟಿಕೊಂಡು, ಅಕ್ಕಪಕ್ಕದ ಹತ್ತು ಹನ್ನೆರಡು ಮನೆಗಳಿಗೆ ಹಾಲು ಹಾಕಿಕೊಂಡು, ಯಾರ ಹಂಗೂ ಇಲ್ಲದೆ ಬದುಕುತ್ತಿದ್ದಳು. ಅವಳ ಹಾಲಿಗೆ ಊರಲ್ಲಿ ಹೆಸರಿತ್ತು. ನೀರು ಬೆರೆಸುವವಳಲ್ಲ ಎನ್ನುವುದು ಒಂದು, ಕೊಡುವಾಗ ಅಳತೆಯ ಮೇಲೆ ಇನ್ನೊಂದು ಗುಟುಕು ಸುರಿಯುತ್ತಾಳೆ ಎನ್ನುವುದು ಇನ್ನೊಂದು.

ಅಂಥವಳ ಕೈಗೆ ಅಣ್ಣನ ಮಗ ಸಿಕ್ಕರೆ ಏನಾಗಬೇಡ? ಬೆಳಿಗ್ಗೆ ಹಲ್ಲುಜ್ಜಿ ತಿರುಗುವಷ್ಟರಲ್ಲಿ ಒಂದು ಚೊಂಬು ನೊರೆಹಾಲು. ರೊಟ್ಟಿಯ ಜೊತೆ ಗಟ್ಟಿ ಮೊಸರು. ಸಂಜೆ ಬಂದರೆ ಹಾಲಿನಲ್ಲೇ ಕಾಸಿದ ಟೀ, ನೀರಿನ ಸೋಂಕಿಲ್ಲ. ಮಲಗುವ ಮುಂಚೆ ಬೆಲ್ಲ ಹಾಕಿದ ಇನ್ನೊಂದು ಚೊಂಬು. ಎಮ್ಮೆ ಕರು ಹಾಕಿದರೆ ಗಿಣ್ಣು. ನಮ್ಮನೆಯಲ್ಲಿ ದನಕರು ಇರಲಿಲ್ಲ, ಟೀಗೆ ಬಣ್ಣ ಬರುವಷ್ಟು ಹಾಲು ಹಾಕಿದರೆ ಅದೇ ದೊಡ್ಡದು. ಹಾಗಾಗಿ ನಾನು ಸ್ವರ್ಗಕ್ಕೇ ಬಂದೆನೆಂದು ತಿಳಿದಿದ್ದೆ. ಸ್ವರ್ಗದಲ್ಲಿ ಪಾಯಖಾನೆ ಹಿತ್ತಲ ಕೊನೆಯಲ್ಲಿ, ತಗಡಿನ ಬಾಗಿಲಿನದು, ಅಷ್ಟು ದೂರ ಇರುತ್ತದೆಂದು ಮಾತ್ರ ಯಾರೂ ಹೇಳಿರಲಿಲ್ಲ.

ಹೊಟ್ಟೆ ಕೆಟ್ಟಿತು. ಒಂದು ದಿನ ಎರಡು ದಿನವಲ್ಲ, ತಿಂಗಳುಗಟ್ಟಲೆ. ಉಬ್ಬರ, ಗುಡುಗುಡು, ಹಿಡಿದು ತಿರುಚುವ ನೋವು, ಆಮೇಲೆ ಓಟ. ಮಡಿಯಲ್ಲಿ ಗಿಡದ ಎತ್ತರ ಅಳೆಯುತ್ತಿದ್ದವನು ಅಳತೆಪಟ್ಟಿಯನ್ನು ಅಲ್ಲೇ ಚುಚ್ಚಿ ಮಾಯವಾಗುತ್ತಿದ್ದೆ. ಬಸ್ಸು ಹತ್ತುವುದಂತೂ ಜೂಜು. ಹಿರಿಯೂರಿನಿಂದ ಚಿತ್ರದುರ್ಗ, ಅಲ್ಲಿಂದ ಹೊಳಲ್ಕೆರೆ, ಹೊಸದುರ್ಗ, ಈ ದಾರಿಯಲ್ಲಿ ಎಲ್ಲೆಲ್ಲಿ ಪೆಟ್ರೋಲ್ ಬಂಕ್, ಎಲ್ಲೆಲ್ಲಿ ಕಲ್ಯಾಣಮಂಟಪ ಎಂದು ಆಗ ನನ್ನನ್ನು ಕೇಳಬೇಕಿತ್ತು. ಕಲ್ಯಾಣಮಂಟಪ ಅತ್ಯುತ್ತಮ. ಇಸ್ತ್ರಿ ಶರ್ಟು ಹಾಕಿದ್ದರೆ ಯಾರೂ ತಡೆಯುವುದಿಲ್ಲ, ಹೆಣ್ಣಿನ ಕಡೆಯವರು ಗಂಡಿನ ಕಡೆಯವನೆಂದೂ, ಗಂಡಿನ ಕಡೆಯವರು ಹೆಣ್ಣಿನ ಕಡೆಯವನೆಂದೂ ತಿಳಿಯುತ್ತಾರೆ. ಹೊಳಲ್ಕೆರೆಯಲ್ಲಿ ಒಮ್ಮೆ ಹೀಗೆ ಹೋಗಿ, ಕೆಲಸ ಮುಗಿಸಿ, ಕೈ ತೊಳೆದು ಹೊರಡುವಾಗ ಯಾರೋ ಹಿರಿಯರು ಭುಜ ಹಿಡಿದು, "ಉಣ್ಣದೆ ಹೋಗ್ತೀಯೇನಪ್ಪ, ಕುಂತ್ಕ" ಎಂದು ಪಂಕ್ತಿಯಲ್ಲಿ ಕೂರಿಸಿಬಿಟ್ಟರು. ಎರಡು ಸಲ ಶ್ಯಾವಿಗೆ ಪಾಯಸ ಹಾಕಿಸಿಕೊಂಡೆ. ಅರ್ಧ ಗಂಟೆಯ ನಂತರ ಅದೇ ಮಂಟಪಕ್ಕೆ ಎರಡನೆಯ ಸಲ ಓಡಿ ಬಂದವನನ್ನು ನೋಡಿ ಆ ಹಿರಿಯರು, ಮರೆತ ಮುಯ್ಯಿ ಓದಿಸಲು ವಾಪಸ್ಸು ಬಂದನೆಂದು ತಿಳಿದು ಮೆಚ್ಚಿಕೊಂಡರು.

ಕಾರಣ ಹೇಳುವವರಿಗೆ ಬರವಿರಲಿಲ್ಲ. ನಮ್ಮ ಕಡೆ ಹೊಟ್ಟೆಗೆ ಏನಾದರೂ ಆದರೆ ಮೊದಲ ಹೆಸರು ಗ್ಯಾಸ್ಟ್ರಿಕ್. ಮೆಡಿಕಲ್ ಶಾಪಿನವನು ಮುಖ ನೋಡದೆಯೇ ಗುಲಾಬಿ ಬಣ್ಣದ ಔಷಧಿ ಕೊಟ್ಟ. ಫಾರಂನಲ್ಲಿ ಒಬ್ಬರು ಬೋರಿನ ಗಡಸು ನೀರು ಎಂದರು, ಇನ್ನೊಬ್ಬರು ಹೊಲಕ್ಕೆ ಹೊಡೆಯುವ ಔಷಧಿ ಮೂಗಿಗೆ ಹೋಗಿದೆ ಎಂದರು. ಸಂಜೆ ತಿನ್ನುವ ಮಂಡಕ್ಕಿ ಮೆಣಸಿನಕಾಯಿ ಎಂದರು. ಅಪ್ಪ ಫೋನಿನಲ್ಲಿ, "ಮೊಬೈಲ್ ನೋಡ್ಕಂತ ಉಣ್ತೀಯ, ಅದಕ್ಕೇ" ಎಂದ. ಉಷ್ಣ ಎಂದವರು ಜೀರಿಗೆ ನೀರು ಕುಡಿಸಿದರು, ಹೊಕ್ಕುಳು ಜಾರಿದೆ ಎಂದವರು ಹೊಟ್ಟೆಗೆ ಎಣ್ಣೆ ಹಚ್ಚಿ ನೀವಿದರು. ನಾನು ಎಲ್ಲವನ್ನೂ ಒಟ್ಟಿಗೆ ಮಾಡಿದೆ. ನೀರು ಬದಲಿಸಿದ ದಿನವೇ ಮಂಡಕ್ಕಿ ಬಿಟ್ಟೆ, ಗುಲಾಬಿ ಔಷಧಿ ಕುಡಿದ ದಿನವೇ ಎಣ್ಣೆ ನೀವಿಸಿಕೊಂಡೆ. ಗೌರತ್ತೆಯ ಕಾರಣ ಎಲ್ಲರಿಗಿಂತ ಸರಳವಾಗಿತ್ತು. "ಮೈಯಾಗೆ ಶಕ್ತಿ ಇಲ್ಲ ನಿನಗೆ. ಹಾಲು ಸಾಲ್ತಾ ಇಲ್ಲ" ಎಂದು ಚೊಂಬು ಬದಲಿಸಿ ಇನ್ನೂ ದೊಡ್ಡದನ್ನು ತಂದಳು. ನಾನು ಬಡವಾದಷ್ಟೂ ಹಾಲು ಹೆಚ್ಚಿತು, ಹಾಲು ಹೆಚ್ಚಿದಷ್ಟೂ ನಾನು ಬಡವಾದೆ.

ಇವರೆಲ್ಲರ ನಡುವೆ ನಿಜವಾಗಿ ಕಣ್ಣಿಟ್ಟು ನೋಡಿದವಳು ನಮ್ಮವ್ವ ಒಬ್ಬಳೇ. ರಜೆಗೆ ಊರಿಗೆ ಹೋದರೆ ಎರಡೇ ದಿನದಲ್ಲಿ ನನ್ನ ಹೊಟ್ಟೆ ಸರಿಹೋಗುತ್ತಿತ್ತು, ಬಬ್ಬೂರಿಗೆ ಮರಳಿದರೆ ಮತ್ತೆ ಕೆಡುತ್ತಿತ್ತು. ಮೂರು ಸಲ ಹೀಗಾದ ಮೇಲೆ ಅವ್ವ ಒಂದು ಸಂಜೆ ಜಗಲಿಯ ಮೇಲೆ ನನ್ನನ್ನು ಕೂರಿಸಿಕೊಂಡು ಕೇಳಿದಳು.

"ಅಲ್ಲಿ ಉಂಡ್ರೆ ಆಗಲ್ಲ, ಇಲ್ಲಿ ಉಂಡ್ರೆ ಆಗತೈತೆ. ಹೌದೋ ಅಲ್ವೋ?"

"ಹೌದು."

"ಅಂದ್ರೆ ಅಲ್ಲೇ ಏನೋ ಐತೆ."

ಫಾರಂನ ಯಾವ ವಿಜ್ಞಾನಿಯೂ ಇದಕ್ಕಿಂತ ಚೆನ್ನಾಗಿ ಯೋಚಿಸಲಾರ ಎಂದು ಈಗ ಅನ್ನಿಸುತ್ತದೆ. ಅಲ್ಲಿಗೇ ನಿಲ್ಲಿಸಿದ್ದರೆ ಸಾಕಿತ್ತು. ಅವ್ವ ನಿಲ್ಲಿಸಲಿಲ್ಲ. ದನಿ ತಗ್ಗಿಸಿ, "ನಿನಗೆ ಮದ್ದು ಹಾಕ್ಯಾಳೆ" ಎಂದಳು.

ಮದ್ದು ಎಂದರೆ ಗೊತ್ತಲ್ಲ, ಔಷಧಿಯಲ್ಲ. ಊಟದಲ್ಲಿ ಕಲಸಿ ಹಾಕುವಂಥದ್ದು. ತಿಂದವನು ಹಾಕಿದವರ ವಶವಾಗುತ್ತಾನೆ, ಇಲ್ಲದಿದ್ದರೆ ಹೊಟ್ಟೆಯಲ್ಲಿ ಅದು ಗಂಟಾಗಿ ಕೂತು ಅವನನ್ನು ಒಣಗಿಸುತ್ತದೆ ಎಂದು ನಂಬಿಕೆ. ಮಕ್ಕಳಿಲ್ಲದ ವಿಧವೆ, ಅಣ್ಣನ ಮಗನನ್ನು ತನ್ನವನನ್ನಾಗಿ ಮಾಡಿಕೊಳ್ಳಬೇಕೆಂಬ ಆಸೆ. ಅವ್ವನ ಲೆಕ್ಕಕ್ಕೆ ಎಲ್ಲ ಸರಿಹೊಂದಿತು. ತನ್ನ ಒಬ್ಬನೇ ಮಗ ತನ್ನಿಂದ ಜಾರುತ್ತಿದ್ದಾನೆ ಎನ್ನುವ ಭಯ ಅವಳಿಗಿತ್ತು, ಅದು ನನಗೆ ಅರ್ಥವಾಗುತ್ತದೆ. ನನಗೆ ಅರ್ಥವಾಗದಿರುವುದು ಓದಿದವನಾದ ನಾನು ಯಾಕೆ ಬಾಯಿ ಮುಚ್ಚಿಕೊಂಡು ಅವಳ ಹಿಂದೆ ಹೋದೆ ಎನ್ನುವುದು. ಎರಡು ವರ್ಷ ಹೊಟ್ಟೆ ಹಿಡಿದುಕೊಂಡು ಓಡಿದವನು ಯಾರು ಏನು ಹೇಳಿದರೂ ನಂಬುತ್ತಾನೆ ಎಂದು ಬೇಕಾದರೆ ಇಟ್ಟುಕೊಳ್ಳಿ.

ಮದ್ದು ತೆಗೆಯುವ ಮುದುಕಿಯ ಮನೆ ಹೊಸದುರ್ಗದ ಆಚೆ ಒಂದು ಹಳ್ಳಿಯಲ್ಲಿತ್ತು. ಆಕೆ ಯಾವುದೋ ಸೊಪ್ಪಿನ ರಸವನ್ನು ನನ್ನ ಅಂಗೈಗೆ ಹಿಂಡಿ, ಅದು ಅಂಟಂಟಾಗಿ ಗಟ್ಟಿಯಾಗುವವರೆಗೂ ನೋಡಿ, "ಐತೆ ಕಣಮ್ಮ, ಬಲವಾಗೇ ಐತೆ" ಎಂದಳು. ಆಮೇಲೆ ಇನ್ನೊಂದು ಕಹಿ ರಸ ಕುಡಿಸಿದಳು. ಅದರ ಮೇಲೆ, ನಗಬೇಡಿ, ಒಂದು ದೊಡ್ಡ ಚೊಂಬು ಹಸಿ ಹಾಲು ಕುಡಿಸಿದಳು. ಹತ್ತು ನಿಮಿಷದಲ್ಲಿ ನನ್ನ ಕರುಳೇ ಹೊರಗೆ ಬಂದಂತಾಯಿತು. ಕಾರಿಕೊಂಡದ್ದರಲ್ಲಿ ಬಿಳಿಯ ಒಂದು ಗಡ್ಡೆಯನ್ನು ಆಕೆ ಕಡ್ಡಿಯಿಂದ ಎತ್ತಿ ತೋರಿಸಿದಳು. "ನೋಡವ್ವ, ಇದೇ." ಒಡೆದ ಹಾಲು ಗಡ್ಡೆ ಕಟ್ಟುತ್ತದೆಂದು ಎಮ್ಮೆ ಕಟ್ಟಿದವರ ಮನೆಯಲ್ಲಿ ಎರಡು ವರ್ಷ ಉಂಡ ನನಗೆ ಹೊಳೆಯಲಿಲ್ಲ. ಅವ್ವ ಸೆರಗಿನಿಂದ ನನ್ನ ಬಾಯಿ ಒರೆಸಿ ಅತ್ತಳು. ಮುದುಕಿ ಎಲೆ ಅಡಿಕೆ, ತೆಂಗಿನಕಾಯಿ ತೆಗೆದುಕೊಂಡು, "ಇನ್ ಮ್ಯಾಲೆ ಆ ಮನೇಲಿ ನೀರೂ ಮುಟ್ಟಬ್ಯಾಡ" ಎಂದಳು.

ಮುಂದಿನ ಸೋಮವಾರ ಬಟ್ಟೆಬರೆ ತೆಗೆದುಕೊಂಡು ಹೋಗಲು ಗೌರತ್ತೆಯ ಮನೆಗೆ ಹೋದೆ. ಹಿರಿಯೂರಿನಲ್ಲಿ ರೂಮು ಮಾಡಿದ್ದೆ, ಕಾರಣಕ್ಕೆ ಏನೋ ಸುಳ್ಳು ಕಟ್ಟಿಕೊಂಡಿದ್ದೆ. ಹಿಂದಿನ ದಿನವಷ್ಟೇ ದೊಡ್ಡ ಎಮ್ಮೆ ಕರು ಹಾಕಿತ್ತು. ಏಲಕ್ಕಿ ಪುಡಿ ಉದುರಿಸಿದ ಗಿಣ್ಣನ್ನು ಚೌಕ ಕತ್ತರಿಸಿ ತಟ್ಟೆಯಲ್ಲಿಟ್ಟು ನನ್ನ ಮುಂದೆ ತಂದಳು. "ನಿನಗೇ ಅಂತ ಇಟ್ಟಿದ್ದೆ. ತಗ."

"ಹೊಟ್ಟೆ ತುಂಬೈತೆ ಅತ್ತೆ."

"ಒಂದು ಚೂರು."

"ಬ್ಯಾಡತ್ತೆ."

ಅವಳು ನನ್ನ ಮುಖ ನೋಡಿದಳು. ಮದ್ದಿನ ಸುದ್ದಿ ನನಗಿಂತ ಮುಂಚೆ ಬಬ್ಬೂರು ತಲುಪಿತ್ತೆಂದು ಆಮೇಲೆ ತಿಳಿಯಿತು. ಅವ್ವ ವಾಪಸ್ಸು ಬರುವ ಬಸ್ಸಿನಲ್ಲಿ ನೆಂಟರ ಹೆಂಗಸೊಬ್ಬಳ ಕಿವಿಯಲ್ಲಿ, ಯಾರಿಗೂ ಹೇಳಬೇಡವೆಂದು ಹೇಳಿ, ಹೇಳಿದ್ದಳು. ಗೌರತ್ತೆ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿ ಒಳಗೆ ಇಟ್ಟು ಬಂದಳು. ನಾನು ಬ್ಯಾಗು ಹೊತ್ತು ಹೊರಟೆ. ನನ್ನ ಜೀವನದಲ್ಲಿ ನಾಚಿಕೆಪಡಬೇಕಾದ ಸಂಗತಿಗಳು ಹಲವಿವೆ, ಆ ಕಲ್ಯಾಣಮಂಟಪಗಳೂ ಸೇರಿ. ಆದರೆ ಆ ಮುಚ್ಚಿದ ತಟ್ಟೆಯಷ್ಟು ನನ್ನನ್ನು ಚುಚ್ಚಿದ್ದು ಬೇರೊಂದಿಲ್ಲ.

ಅವ್ವನಿಗೆ ಜಯವಾಯಿತು. ರೂಮಿಗೆ ಬಂದ ಮೇಲೆ ಹೊಟ್ಟೆ ಸರಿಹೋಯಿತು, ಪೂರ್ತಿ ಎರಡು ತಿಂಗಳು. ಮುದ್ದೆ, ಸಾರು, ಅನ್ನ ತಿಂದುಕೊಂಡು ಮೈ ಕೈ ತುಂಬಿಕೊಂಡೆ. ಆ ಖುಷಿಗೆ, ಇನ್ನಷ್ಟು ಶಕ್ತಿ ಬರಲಿ ಎಂದು, ಹಿರಿಯೂರಿನ ಒಂದು ಗಾಡಿಯಲ್ಲಿ ದಿನಾ ಸಂಜೆ ಬಾದಾಮಿ ಹಾಲು ಕುಡಿಯಲು ಶುರುಮಾಡಿದೆ. ಒಂದೇ ವಾರಕ್ಕೆ ಹಳೆಯ ಗುಡುಗು ವಾಪಸ್ಸು ಬಂತು.

ಈಗ ಮದ್ದು ಹಾಕಿದವರು ಯಾರು? ಬಾದಾಮಿ ಹಾಲಿನ ಗಾಡಿಯವನಿಗೆ ನನ್ನನ್ನು ವಶ ಮಾಡಿಕೊಂಡು ಆಗಬೇಕಾದದ್ದಾದರೂ ಏನು? ಇದೊಂದೇ ಪ್ರಶ್ನೆ ನನ್ನನ್ನು ಕೊನೆಗೂ ಡಾಕ್ಟರ ಹತ್ತಿರ ಕಳಿಸಿತು.

ಹಿರಿಯೂರಿನ ಆ ಡಾಕ್ಟರಮ್ಮ ಗಡಿಬಿಡಿ ಇಲ್ಲದ ಹೆಂಗಸು. ತೂಕ ಇಳಿದಿದೆಯೇ, ರಕ್ತ ಹೋಗುತ್ತದೆಯೇ, ಜ್ವರ ಬರುತ್ತದೆಯೇ, ನೋವು ನಿದ್ದೆಯಿಂದ ಎಬ್ಬಿಸುತ್ತದೆಯೇ ಎಂದು ಒಂದೊಂದಾಗಿ ಕೇಳಿದರು. ನಿಮ್ಮ ವಯಸ್ಸಿನವರಿಗೆ ವರ್ಷಗಟ್ಟಲೆ ಹೊಟ್ಟೆ ಕೆಟ್ಟರೆ ಕಾರಣ ಎಷ್ಟೋ ಇರುತ್ತವೆ ಎಂದರು. "ಹುಳ ಇರಬಹುದು, ಅಮೀಬಾ ಇರಬಹುದು, ಥೈರಾಯ್ಡ್ ಇರಬಹುದು. ಕೆಲವರಿಗೆ ಗೋಧಿ ಆಗಲ್ಲ. ಕೆಲವರಿಗೆ ಕರುಳೊಳಗೆ ಹುಣ್ಣು. ಕೆಲವರಿಗೆ ಬರೀ ಟೆನ್ಷನ್ನು, ಕರುಳಿಗೂ ಮನಸ್ಸು ಐತೆ ಅಂದ್ಕಳಿ. ನೋಡಾಣ." ಪರೀಕ್ಷೆಗಳೆಲ್ಲ ಆದವು. ಎಲ್ಲವೂ ಸರಿಯಾಗಿಯೇ ಬಂದವು. ಎಲ್ಲ ಸರಿ ಇದೆ ಎಂದರೆ ಖುಷಿಪಡುವುದು ಬಿಟ್ಟು ನಾನು ಅಳುವ ಹಾಗಾದೆ.

"ನೀವು ಕೆಲಸ ಏನು ಮಾಡೋದು?" ಎಂದು ಕೇಳಿದರು. ಹೇಳಿದೆ. ಮಡಿ, ಅಳತೆಪಟ್ಟಿ, ಪುಸ್ತಕ.

ಡಾಕ್ಟರಮ್ಮ ಕನ್ನಡಕ ತೆಗೆದರು. "ಶೇಂಗಾ ಗಿಡಕ್ಕೆ ದಿನಾ ಪುಸ್ತಕ ಬರೀತೀರಿ. ನಿಮ್ಮ ಹೊಟ್ಟೆಗೆ ಒಂದು ಪುಸ್ತಕ ಇಟ್ಟೀರೇನ್ರಿ?"

ಇಟ್ಟೆ. ಏನು ತಿಂದೆ, ಎಷ್ಟು ಹೊತ್ತಿಗೆ ಏನಾಯಿತು, ಮೂರು ವಾರ ಬರೆದೆ. ಒಂದು ವಾರ ಒಂದನ್ನು ಮಾತ್ರ ಬಿಟ್ಟೆ, ಉಳಿದದ್ದೆಲ್ಲ ಹಾಗೇ. ಮಂಡಕ್ಕಿ ಬಿಟ್ಟ ವಾರ ಏನೂ ಬದಲಾಗಲಿಲ್ಲ. ಗೋಧಿ ಬಿಟ್ಟ ವಾರವೂ ಅಷ್ಟೆ. ಹಾಲು ಬಿಟ್ಟ ವಾರ ಪುಟಗಳು ಖಾಲಿ, ಬರೆಯಲು ಏನೂ ಇರಲಿಲ್ಲ. ಖಾತ್ರಿಗೆಂದು ಒಂದು ಲೋಟ ಬಾದಾಮಿ ಹಾಲು ಕುಡಿದು ನೋಡಿದೆ. ಮುಕ್ಕಾಲು ಗಂಟೆಯಲ್ಲಿ ಅರ್ಧ ಪುಟ ತುಂಬಿತು. ಡಾಕ್ಟರಮ್ಮ ಪುಸ್ತಕ ತಿರುವಿ ಹಾಕಿ ನಕ್ಕರು. ಚಿಕ್ಕವರಿದ್ದಾಗ ಹಾಲು ಅರಗಿಸುವ ಶಕ್ತಿ ಎಲ್ಲರಿಗೂ ಇರುತ್ತದೆ, ದೊಡ್ಡವರಾದ ಮೇಲೆ ಬಹಳ ಜನರಿಗೆ ಅದು ಕಡಿಮೆಯಾಗುತ್ತದೆ, ಟೀಯಲ್ಲಿನ ಒಂದು ಹನಿಯೋ ತೆಳ್ಳನೆಯ ಮಜ್ಜಿಗೆಯೋ ನಡೆಯಬಹುದು, ಚೊಂಬು ನಡೆಯುವುದಿಲ್ಲ ಎಂದರು. ಮನೆಯಲ್ಲಿ ಇನ್ನೂ ಯಾರಿಗಾದರೂ ಹೀಗೇ ಇರುತ್ತದೆ, ಕೇಳಿ ನೋಡಿ ಎಂದರು.

ಆ ಸಂಜೆಯೇ ಅವ್ವನಿಗೆ ಫೋನು ಮಾಡಿದೆ. ಎಲ್ಲ ಕೇಳಿಸಿಕೊಂಡು ಅವಳು, "ನಂಗೂ ಹಾಲು ಕುಡುದ್ರೆ ಹಂಗೇ ಆಗೋದು. ಅದಕ್ಕೇ ಬಿಟ್ಟು ಎಷ್ಟು ವರ್ಷಾತು" ಎಂದಳು.

"ಮತ್ತೆ ಮೊದಲೇ ಯಾಕವ್ವ ಹೇಳಲಿಲ್ಲ?"

"ನೀನು ಕೇಳಿದ್ಯಾ? ಇರಲಿ ಬಿಡು. ಅಂತೂ ಅವಳ ಮನೇದೇ ತಾನೆ ನಿಂಗೆ ಆಗ್ದೇ ಇದ್ದದ್ದು. ನಾನು ಹೇಳಿದ್ದು ಸುಳ್ಳಾ?"

ಸುಳ್ಳಲ್ಲ. ಅಲ್ಲಿದ್ದ ಕಷ್ಟವೇ ಅದು. ಆದರೆ ಬಬ್ಬೂರಿನಲ್ಲಿ ಆ ಅರ್ಧ ನಿಜ ತನ್ನ ಕೆಲಸ ಮಾಡಿ ಮುಗಿಸಿತ್ತು. ಮದ್ದಿನ ಮನೆ ಎಂದು ಒಮ್ಮೆ ಹೆಸರು ಬಿದ್ದರೆ ಆ ಮನೆಯಲ್ಲಿ ನೀರೂ ಮುಟ್ಟುವುದಿಲ್ಲ ನಮ್ಮ ಜನ. ಹಾಲು ಕೊಳ್ಳುತ್ತಾರೆಯೇ? ಗೌರತ್ತೆಯ ಬಾಗಿಲಿಗೆ ಬರುತ್ತಿದ್ದ ಹನ್ನೆರಡು ಮನೆಗಳಲ್ಲಿ ಮೂರು ಉಳಿದಿದ್ದವು ಎಂದು ಫಾರಂನವರೊಬ್ಬರಿಂದ ತಿಳಿಯಿತು. ಮೊದಲು ಬಿಟ್ಟವಳು ಎದುರು ಮನೆಯ ತಿಪ್ಪಕ್ಕ. ಅವಳು ಬಿಟ್ಟಳೆಂದರೆ ಬೀದಿಯೇ ಬಿಟ್ಟ ಹಾಗೆ. ಒಂದು ಎಮ್ಮೆಯನ್ನು ಮಾರುವ ಮಾತು ನಡೆದಿತ್ತು.

ಬಸ್ಸಿನಲ್ಲಿ ಬಬ್ಬೂರಿಗೆ ಹೋಗುವಾಗ ನನಗೊಂದು ಪೇಚು ಹೊಳೆಯಿತು. ಹೋಗಿ ತಪ್ಪಾಯಿತು ಎನ್ನಬಹುದು. ಗೌರತ್ತೆ ಕ್ಷಮಿಸುತ್ತಾಳೆ, ಚೊಂಬು ತಂದು ಮುಂದಿಡುತ್ತಾಳೆ. ಡಾಕ್ಟರು ಬೇಡ ಎಂದಿದ್ದಾರೆ, ನಾನು ಬೇಡ ಎನ್ನಬೇಕು. ಬೇಡ ಎಂದದ್ದನ್ನು ತಿಪ್ಪಕ್ಕ ಎದುರು ಕಟ್ಟೆಯಿಂದ ನೋಡುತ್ತಾಳೆ. ಹಾಲು ನನ್ನ ಮೈಗೆ ಆಗುವುದಿಲ್ಲ ಎಂದರೆ ಯಾರು ನಂಬುತ್ತಾರೆ? ಎಮ್ಮೆ ಹಾಲು ಆಗದ ಗಂಡಸು ಎಂಬ ಪ್ರಾಣಿಯನ್ನು ಆ ಬೀದಿ ಕಂಡಿರಲಿಲ್ಲ. ಅಣ್ಣನ ಮಗನೇ ಮುಟ್ಟಲಿಲ್ಲ ಎಂದರೆ ಉಳಿದ ಮೂರು ಮನೆಯೂ ಹೋದ ಹಾಗೆ.

ಹಾಲು ಕರೆದು ಹಾಕುವ ಹೊತ್ತಿಗೆ ಸರಿಯಾಗಿ ಇಳಿದೆ. ತಿಪ್ಪಕ್ಕ ತನ್ನ ಕಟ್ಟೆಯ ಮೇಲೆ ಕುಳಿತು ಹೂವು ಕಟ್ಟುತ್ತಿದ್ದಳು. ಇಬ್ಬರು ಹೆಂಗಸರು ಡಬ್ಬಿ ಹಿಡಿದು ಬೇರೆ ಮನೆಯ ಹಾಲಿಗೆ ಹೊರಟಿದ್ದರು. ನಾನು ಬೀದಿಯಲ್ಲೇ ನಿಂತು, ಎಲ್ಲರಿಗೂ ಕೇಳುವ ಹಾಗೆ, "ಅತ್ತೇ, ಒಂದು ಚೊಂಬು ಹಾಲು ಕೊಡು" ಎಂದೆ.

ಗೌರತ್ತೆ ಬಾಗಿಲಿಗೆ ಬಂದಳು. ಬಡವಾಗಿದ್ದಳು. ಒಳಗೆ ಹೋಗಿ ಚೊಂಬು ತಂದಳು, ಆ ದೊಡ್ಡದನ್ನೇ. ಡಬ್ಬಿ ಹಿಡಿದ ಹೆಂಗಸರು ನಿಂತರು, ತಿಪ್ಪಕ್ಕನ ಕೈಯಲ್ಲಿ ಹೂವು ನಿಂತಿತು. ನಾನು ಗಟಗಟನೆ, ಒಂದು ಹನಿ ಉಳಿಸದೆ, ಚೊಂಬನ್ನು ಬೋರಲು ಹಾಕಿ ತೋರಿಸುವಷ್ಟು ಖಾಲಿ ಮಾಡಿದೆ. ಸುಳ್ಳೇಕೆ, ಬಹಳ ರುಚಿಯಾಗಿತ್ತು.

ಆಮೇಲೆ ನಿಜವಾದ ಕೆಲಸ ಶುರುವಾಯಿತು. ಕುಡಿದವನು ಐದು ನಿಮಿಷದಲ್ಲಿ ಹೊಟ್ಟೆ ಹಿಡಿದು ಓಡಿದರೆ ಎಲ್ಲ ನೀರಲ್ಲಿ ಹೋಮ. ತಿಪ್ಪಕ್ಕ ಎದ್ದು ಒಳಗೆ ಹೋಗುವವರೆಗೂ ನಾನು ಕೂರಲೇಬೇಕು. ಅವಳ ಕಟ್ಟೆಗೇ ಹೋಗಿ ಕುಳಿತೆ. ಶೇಂಗಾ ಬೆಳೆಯ ಬಗ್ಗೆ ಮಾತಾಡಿದೆ. ಅವಳ ಮಗಳ ಬಾಣಂತನ ವಿಚಾರಿಸಿದೆ. ತಿಪ್ಪಕ್ಕ ನನ್ನ ಮುಖವನ್ನೇ ನೋಡುತ್ತಾ, "ಆರಾಮಿದ್ದೀಯೇನಪ್ಪ?" ಎಂದು ಮೂರು ಸಲ ಕೇಳಿದಳು. "ಆರಾಮ ಐದೀನಿ ಅಕ್ಕ" ಎಂದೆ, ಮೂರು ಸಲವೂ. ಅರ್ಧ ಗಂಟೆಗೆ ಒಳಗೆ ಗುಡುಗಿತು. ಆ ಶಬ್ದ ಮುಚ್ಚಲು ಜೋರಾಗಿ ನಕ್ಕೆ. ಬಾಣಂತಿಯ ಬೆನ್ನುನೋವಿನ ಮಾತಿಗೆ ಅಷ್ಟು ಜೋರಾಗಿ ಯಾಕೆ ನಕ್ಕನೆಂದು ತಿಪ್ಪಕ್ಕನಿಗೆ ಇವತ್ತಿಗೂ ಗೊತ್ತಿಲ್ಲ. ಮುಕ್ಕಾಲು ಗಂಟೆಯಾಯಿತು. ಹಣೆಯಲ್ಲಿ ಬೆವರು, ಸೆಕೆ ಎಂದೆ. ಕೊನೆಗೂ ಅವಳು ಹೂವಿನ ಬುಟ್ಟಿ ಎತ್ತಿಕೊಂಡು, ದೀಪ ಹಚ್ಚುವ ಹೊತ್ತಾಯಿತೆಂದು ಎದ್ದಳು. ನಾನು ನಿಧಾನವಾಗಿ, ರಾಜನ ಹಾಗೆ, ಬೀದಿ ದಾಟಿ ಗೌರತ್ತೆಯ ಮನೆ ಹೊಕ್ಕೆ. ಹಿತ್ತಲಿನಲ್ಲಿ ಮಾತ್ರ ರಾಜ ಓಡಿದ.

ಕ್ಷಮೆ ಕೇಳುವುದಕ್ಕೆ ಒಳ್ಳೆಯ ಜಾಗಗಳು ಲೋಕದಲ್ಲಿ ಬೇಕಾದಷ್ಟಿವೆ. ನಾನು ಕೇಳಿದ್ದು ತಗಡಿನ ಬಾಗಿಲ ಒಳಗಿನಿಂದ. ಗೌರತ್ತೆ ಹೊರಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತಿದ್ದಳು. ಮುದುಕಿಯ ಸೊಪ್ಪಿನ ರಸ, ಬಾದಾಮಿ ಹಾಲು, ಡಾಕ್ಟರಮ್ಮನ ಪುಸ್ತಕ, ಎಲ್ಲ ಹೇಳಿದೆ. ಗಿಣ್ಣಿನ ತಟ್ಟೆಯ ವಿಷಯವನ್ನು ಕೊನೆಗಿಟ್ಟುಕೊಂಡು ಹೇಳಿದೆ.

"ನಂಗೆ ಹಾಲು ಆಗಲ್ಲ ಅತ್ತೆ."

"ಯಾವಾಗಿಂದ?"

"ಮೊದಲಿಂದ್ಲೂ. ನಿನ್ನ ಮನೆಗೆ ಬಂದಾಗಿಂದ."

ಆಚೆಯಿಂದ ಅವಳು ನಗುವುದು ಕೇಳಿಸಿತು. "ಹಂಗಾರೆ ಮದ್ದು ಹಾಕಿದ್ದು ನಾನೇ ಬಿಡಪ್ಪ. ದಿನಾ ಮೂರು ಹೊತ್ತು, ನನ್ನ ಕೈಯಾರೆ." ನಗುತ್ತಾ ನಗುತ್ತಾ ಆ ದನಿ ಒಡೆಯಿತು. "ಗೊತ್ತಿದ್ದೂ ಯಾಕೋ ಕುಡ್ದೆ ಇವತ್ತು?"

"ತಿಪ್ಪಕ್ಕ ನೋಡ್ತಿದ್ಲಲ್ಲ ಅತ್ತೆ" ಎಂದೆ.

"ಆಗಲ್ಲ ಅತ್ತೆ ಅಂದಿದ್ರೆ ಬ್ಯಾರೆ ಏನಾರ ಮಾಡ್ತಿದ್ನಲ್ಲೋ" ಎಂದಳು. "ರೊಟ್ಟಿ ಇತ್ತು, ಶೇಂಗಾ ಚಟ್ನಿ ಇತ್ತು. ಬ್ಯಾಡ ಅಂದು ಎದ್ದು ಹೋದ್ಯಲ್ಲ, ಅದು." ಆಮೇಲೆ ಎದ್ದು ಹೋಗಿ ಒಂದು ಬಕೆಟ್ಟು ನೀರು ತಂದು ಬಾಗಿಲ ಬಳಿ ಇಟ್ಟಳು.

ಎರಡು ದಿನ ನಾನು ಸೈಕಲ್ಲಿನಲ್ಲಿ ಆ ಬೀದಿಯಲ್ಲೇ ಬೇಕೆಂದು ಓಡಾಡಿದೆ. ನಾನು ಒಣಗಲಿಲ್ಲ, ಯಾರ ವಶವೂ ಆಗಲಿಲ್ಲ. ಮೂರನೆಯ ದಿನ ತಿಪ್ಪಕ್ಕ ಡಬ್ಬಿ ಹಿಡಿದು ಗೌರತ್ತೆಯ ಬಾಗಿಲಿಗೆ ಬಂದು, ಬೇರೆ ಕಡೆ ಹಾಲಿಗೆ ನೀರು ಜಾಸ್ತಿ ಎಂದು ಗೊಣಗಿದಳಂತೆ. ಎಮ್ಮೆ ಮಾರುವ ಮಾತು ನಿಂತಿತು. ಈಗಲೂ ಗೌರತ್ತೆ ಇದ್ದಾಳೆ, ಎಮ್ಮೆಗಳಿವೆ. ನಾನು ಹೋದಾಗ ಶೇಂಗಾ ಅರೆದು ಹಾಲು ತೆಗೆದು ಪಾಯಸ ಮಾಡುತ್ತಾಳೆ, "ಇದು ನನ್ನ ಹೊಸ ಎಮ್ಮೆ" ಎನ್ನುತ್ತಾಳೆ. ಅವ್ವನೂ ಮದುವೆ ಮುಂಜಿಗಳಲ್ಲಿ ಅವಳ ಜೊತೆ ಮಾತಾಡುತ್ತಾಳೆ. ಆದರೆ ಈ ಹತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಾಯಿತು ಎಂದವಳಲ್ಲ. ಆ ಮಾತು ಎತ್ತಿದರೆ ಒಲೆಯ ಮೇಲೆ ಏನೋ ಸೀಯುತ್ತಿರುತ್ತದೆ.

ಬನ್ನಿ, ಬಾಗಿಲಲ್ಲಿ ಮೇಡಂ ಇನ್ನೂ ನಿಂತಿದ್ದಾರೆ. ಲೋಟದ ಕೆನೆ ಸುಕ್ಕುಗಟ್ಟುತ್ತಿದೆ. "ಯಾಕ್ ಸರ್, ತಗಳಲ್ವಾ?" ಎಂದು ಅವರು ಕೇಳಿದ ದನಿಯಲ್ಲಿ ನಗುವಿತ್ತು, ನಗುವಿನ ಹಿಂದೆ ಸಣ್ಣ ಅನುಮಾನವೂ ಇತ್ತು. ಒಬ್ಬಳೇ ಹೆಂಗಸು, ಹೊಸ ಮನೆ, ಮೇಲಿನ ಮನೆಯವರು ಹಾಲು ಮುಟ್ಟಲಿಲ್ಲ. ಆಗುವುದಿಲ್ಲ ಎಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅಡುಗೆಮನೆಯಿಂದ ಅವ್ವ ಬಂದಳು. ಕೈಯನ್ನು ಸೆರಗಿಗೆ ಒರೆಸಿಕೊಂಡು, ತಟ್ಟೆಯಿಂದ ಲೋಟ ಎತ್ತಿ, ನಿಂತಲ್ಲೇ ಪೂರ್ತಿ ಕುಡಿದಳು. ನನ್ನ ನೆನಪಿನಲ್ಲಿ ಅವ್ವ ಹಾಲು ಕುಡಿದದ್ದನ್ನು ನಾನು ನೋಡಿಯೇ ಇರಲಿಲ್ಲ.

"ಅವನಿಗೆ ಹಾಲು ಆಗಲ್ಲ ಕಣಮ್ಮ" ಎಂದಳು, ತುಟಿಯ ಮೇಲಿನ ಕೆನೆ ಒರೆಸಿಕೊಳ್ಳುತ್ತಾ. "ಬ್ಯಾರೆ ಏನು ಮಾಡೀಯ?"

"ಶೇಂಗಾ ಹೋಳಿಗೆ ಮಾಡೀನಿ ಅಮ್ಮ."

"ನಿಮ್ಮನೇಗೇ ಬಂದು ತಿಂತಾನೆ. ನಾನೂ ಬರ್ತೀನಿ, ನಡಿ."

ಮೇಡಂ ಮನೆಯ ನೆಲದ ಮೇಲೆ, ಇನ್ನೂ ಬಿಚ್ಚದ ರಟ್ಟಿನ ಪೆಟ್ಟಿಗೆಗಳ ನಡುವೆ ಕುಳಿತು ಹೋಳಿಗೆ ತಿಂದೆವು. ಅವ್ವ ಅವರ ಊರು ಕೇಳಿದಳು, ಶಾಲೆ ಕೇಳಿದಳು, ಮಾತು ಮುಗಿಯಲೇ ಇಲ್ಲ. ಅರ್ಧ ಗಂಟೆ ಕಳೆದಿರಬೇಕು, ಪಕ್ಕದಲ್ಲಿ ಗುರ್ ಎಂದಿತು. ನನ್ನದೆಂದುಕೊಂಡೆ. ನಾನು ಹಾಲು ಕುಡಿದಿರಲಿಲ್ಲ. ಅವ್ವನ ಹಣೆಯಲ್ಲಿ ಬೆವರಿತ್ತು, ಅವಳು ಮೇಡಂ ಕಡೆ ನೋಡಿ ಯಾವುದೋ ಸಣ್ಣ ಮಾತಿಗೆ ಜೋರಾಗಿ ನಗುತ್ತಿದ್ದಳು.

"ಅವ್ವ, ಮೇಲಕ್ಕೆ ಹೋಗಾಣ?" ಎಂದೆ ಮೆಲ್ಲಗೆ.

"ಸುಮ್ನೆ ಕುಂತ್ಕ" ಎಂದಳು ಅವ್ವ. "ಇನ್ನೊಂದು ಹೋಳಿಗೆ ಹಾಕಿಸ್ಕ."